ಏಳನೆಯ ಬಳೆ ಮತ್ತು ಮೂರೇಟು

ಭೂಮಿಯನ್ನು ಹೊತ್ತಿರುವುದು ಆಮೆಯೋ, ಆನೆಯೋ, ಹಾವೋ ಎಂಬ ಜಗಳ ಬಹಳ ಹಳೆಯದು. ಆದರೆ ಹೊತ್ತವರು ಕೆಲಸ ಬಿಟ್ಟು ಓಡಿಹೋಗಿಲ್ಲ ತಾನೇ ಎಂದು ದಿನಕ್ಕೆ ಇಪ್ಪತ್ತು ಸಲ ಖುದ್ದಾಗಿ ತಪಾಸಣೆ ಮಾಡುತ್ತಿದ್ದವರು ಮೂರು ಲೋಕದಲ್ಲಿ ಒಬ್ಬರೇ: ಜೌಗು ಸಂಶೋಧನಾ ಕಚೇರಿಯ ಅಳತೆಗಾರರು. ಕೂತಲ್ಲಿಂದ ಎದ್ದರೆಂದರೆ ಮೊದಲ ಹೆಜ್ಜೆ ಇಡುವ ಮುನ್ನ ಬಲಗಾಲಿನಿಂದ ನೆಲಕ್ಕೆ ಮೂರು ಏಟು. ಧಪ್, ಧಪ್, ಧಪ್. ಎರಡಲ್ಲ, ನಾಲ್ಕಲ್ಲ. ಆಮೇಲೆ ನೆಲ ಏನು ಉತ್ತರ ಕೊಟ್ಟಿತೆಂದು ಒಂದು ಕ್ಷಣ ತಲೆ ಓರೆ ಮಾಡಿ ಕೇಳುವರು. ಉತ್ತರ ತೃಪ್ತಿಕರವೆನಿಸಿದರೆ ಮಾತ್ರ ನಡಿಗೆ.

ಕಚೇರಿಯಲ್ಲಿ ಅವರಿಗೆ ಮೂರೇಟಣ್ಣ ಎಂದೇ ಹೆಸರು. ಅವರ ಏಟುಗಳ ಪುರಾಣವನ್ನು ಹೊಸದಾಗಿ ಸೇರಿದವರಿಗೆ ಗುರುತಿನ ಚೀಟಿ ಕೊಡುವ ಮೊದಲೇ ಕೊಡಲಾಗುತ್ತಿತ್ತು. ಮದುವೆಯ ದಿನ ಗಂಟೆಗಟ್ಟಲೆ ಕೂತಿದ್ದ ಮದುಮಗ ಎದ್ದು ಮೂರೇಟು ಹಾಕಿದ ರಭಸಕ್ಕೆ ಹೆಣ್ಣಿನ ಕಡೆಯವರು, ಅಳಿಯಂದಿರಿಗೆ ಏನು ಕಡಿಮೆಯಾಯಿತೋ ಎಂದು ಅರ್ಧ ಜನ ಅಡುಗೆಯವರ ಹತ್ತಿರ, ಅರ್ಧ ಜನ ಮದುಮಗಳ ಹತ್ತಿರ ಓಡಿದರಂತೆ. ಹಲ್ಲಿನ ಡಾಕ್ಟರ ಕುರ್ಚಿಯಿಂದೆದ್ದು ಮೂರೇಟು ಹಾಕಿದಾಗ ಡಾಕ್ಟರು, ಪಕ್ಕದ ಹಲ್ಲು ಕಿತ್ತೆನೇನೋ ಎಂದು ಇಕ್ಕಳ ಹಿಡಿದುಕೊಂಡೇ ಮತ್ತೊಮ್ಮೆ ಬಾಯಿ ತೆಗೆಸಿ ನೋಡಿದರಂತೆ. ಕಚೇರಿಯ ಮುಖ್ಯಸ್ಥರ ಕೋಣೆಯಲ್ಲಿ ಒಮ್ಮೆ ಹೀಗೇ ಆಗಿ ಟೀ ಕಪ್ಪು ಬಸಿಯಿಂದ ಹಾರಿತ್ತು. ಅಂದಿನಿಂದ ಅವರ ರಜೆ ಚೀಟಿಗೆ ಮುಖ್ಯಸ್ಥರು ಓದದೆ ಸಹಿ ಹಾಕುತ್ತಾರೆ.

ಯಾಕೆ ಈ ಮೂರೇಟು? ವಯಸ್ಸಿನಲ್ಲಿ ಒಮ್ಮೆ ಜೌಗು ಅವರನ್ನು ಸೊಂಟದವರೆಗೆ ನುಂಗಿ, ರುಚಿಸದೆ ಉಗುಳಿತ್ತು ಎಂದು ಒಂದು ಪಂಗಡ. ಕೆಳಗೆ ಏನೋ ಹೂತಿಟ್ಟಿದ್ದಾರೆ, ಟೊಳ್ಳು ಸದ್ದು ಹುಡುಕುತ್ತಿದ್ದಾರೆ ಎಂದು ಇನ್ನೊಂದು. ಎರಡೂ ಪಂಗಡಗಳು ಒಪ್ಪುತ್ತಿದ್ದ ಮಾತೊಂದೇ: ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆ ಊದಿ ಕುಡಿಯುತ್ತಾರೆ, ಜೌಗಿನಲ್ಲಿ ಇಪ್ಪತ್ತೆರಡು ವರ್ಷ ನಡೆದ ಈ ಮಹಾನುಭಾವರು ಸಿಮೆಂಟ್ ನೆಲವನ್ನೂ ನಂಬುವುದಿಲ್ಲ. ಅವರನ್ನೇ ಕೇಳಿದರಾಗದೇ? ಕೇಳಿದವರಿಗೆಲ್ಲ ಒಂದೇ ಉತ್ತರ. ಕಣ್ಣು ಸಣ್ಣಗೆ ಮಾಡಿ, "ಯಾಕೆ ಕೇಳ್ತಿದೀರ?" ಅನ್ನುವರು. ಗಂಟೆ ಎಷ್ಟು ಎಂದು ಕೇಳಿದರೂ ಅದೇ ಉತ್ತರ ಕೊಡುವ ಮನುಷ್ಯನ ಹತ್ತಿರ ಕಾಲಿನ ವಿಷಯ ಎರಡನೇ ಸಲ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಈ ಮೂರೇಟಣ್ಣನ ಮೇಲೆ ಒಂದು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಮಾದರಿಯಮ್ಮನಿಗೆ ಅನುಮಾನ ಹುಟ್ಟಿತು.

ಮಾದರಿಯಮ್ಮ ಎಂಬುದೂ ಕಚೇರಿ ಇಟ್ಟ ಹೆಸರೇ. ಎದುರಿಗೆ ಎಲ್ಲರೂ ಮೇಡಂ ಅನ್ನುವರು. ನಲವತ್ತೈದರ ಆಸುಪಾಸಿನ ಹೆಂಗಸು. ಎರಡು ಕನ್ನಡಕ, ಒಂದು ಕಣ್ಣಿಗೆ, ಒಂದು ನೆತ್ತಿಗೆ. ಅವಳ ಕೆಲಸವನ್ನು ಹೀಗೆ ಹೇಳಬಹುದು. ಊರಾಚೆಯ ಜೌಗಿನಲ್ಲಿ ಸಾವಿರಾರು ವರ್ಷಗಳಿಂದ ಸತ್ತ ಗಿಡಗಳು ಪೂರ್ತಿ ಕೊಳೆಯಲಾರದೆ ನೀರಿನಲ್ಲಿ ನೆನೆದು ಕಪ್ಪು ಮಣ್ಣಾಗಿ ಬಿದ್ದಿವೆ. ಗಾಳಿಯಾಡದ ಆ ಮಣ್ಣಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಎಂಬ ಅನಿಲ ಬಿಡುತ್ತವೆ. ಅದು ಮೇಲಕ್ಕೆ ಹೋಗಿ ಆಕಾಶಕ್ಕೆ ಕಂಬಳಿ ಹೊದಿಸಿ ಭೂಮಿಯನ್ನು ಬಿಸಿ ಮಾಡುತ್ತದೆ. ಇಂಥ ಜೌಗುಗಳೆಲ್ಲ ಸೇರಿ ಮುಂದಿನ ಐವತ್ತು ವರ್ಷ ಎಷ್ಟು ಬಿಡುತ್ತವೆ? ನೀರಿನ ಮಟ್ಟ, ಮಣ್ಣಿನ ಬಿಸಿ, ಗಿಡಗಳ ಬೇರು ಇವನ್ನೆಲ್ಲ ಕಂಪ್ಯೂಟರಿಗೆ ಉಣಿಸಿ ಲೆಕ್ಕದಲ್ಲೇ ಒಂದು ಜೌಗು ಕಟ್ಟಿ, ಅದರಿಂದ ಭವಿಷ್ಯ ಹೇಳಿಸುವುದು ಅವಳ ಉದ್ಯೋಗ. ಆ ಲೆಕ್ಕದ ಜೌಗಿಗೆ ಮಾದರಿ ಎಂದು ಹೆಸರು. ಅದರಲ್ಲಿ ಕೆಸರಿಲ್ಲ, ಸೊಳ್ಳೆಯಿಲ್ಲ, ವಾಸನೆಯಿಲ್ಲ. ಹಾಗಾಗಿ ಕಚೇರಿ ಸೇರಿದ ನಾಲ್ಕು ವರ್ಷಗಳಲ್ಲಿ ಅಸಲಿ ಜೌಗಿಗೆ ಅವಳು ಕಾಲಿಟ್ಟದ್ದು ಒಂದೇ ಸಲ, ಅದೂ ಗುಂಪು ಫೋಟೋ ತೆಗೆಸಿಕೊಳ್ಳಲು.

ಮಾದರಿ ಸರಿಯಿದೆಯೇ ಎಂದು ತಾಳೆ ನೋಡಲು ಅಸಲಿ ಅಳತೆ ಬೇಕಲ್ಲ. ಅದು ಮೂರೇಟಣ್ಣನ ಸಾಮ್ರಾಜ್ಯ. ಜೌಗಿನ ಉದ್ದಕ್ಕೂ ಹಲಗೆಯ ದಾರಿ, ದಾರಿಯ ಪಕ್ಕ ಮಣ್ಣಿನಲ್ಲಿ ಹೂತ ಹತ್ತು ಉಂಗುರ. ಅವಕ್ಕೆ ಬಳೆ ಎನ್ನುವುದು ರೂಢಿ. ಹದಿನೈದು ದಿನಕ್ಕೊಮ್ಮೆ ಅವರು ಹೋಗಿ ಒಂದೊಂದು ಬಳೆಯ ಮೇಲೂ ಒಂದು ಡಬ್ಬ ಕವುಚಿ, ಪಕ್ಕದಲ್ಲಿ ಮೊಳದೆತ್ತರದ ಮಡಚುವ ಸ್ಟೂಲಿನ ಮೇಲೆ ಅರ್ಧ ಗಂಟೆ ಕಾಯುವರು. ಹೊತ್ತು ಹೊತ್ತಿಗೆ ಡಬ್ಬದೊಳಗಿನ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ಶೀಷೆಗೆ ತುಂಬುವರು. ಒಂದು ಬಳೆಗೆ ನಾಲ್ಕು ಶೀಷೆ. ಶೀಷೆಗಳು ಪ್ರಯೋಗಾಲಯಕ್ಕೆ, ಅಲ್ಲಿಂದ ಅಂಕಿಗಳು ಮಾದರಿಯಮ್ಮನ ಪರದೆಗೆ.

ಹತ್ತು ಬಳೆಗಳಲ್ಲಿ ಒಂಬತ್ತು ಮಾದರಿ ಹೇಳಿದಂತೆ ಕೇಳುವ ಸೊಸೆಯಂದಿರು. ಏಳನೆಯದು ಮಾತ್ರ ನಾಲ್ಕು ವರ್ಷದಿಂದ ಮನೆಮುರುಕಿ. ಮಾದರಿ ಹೇಳಿದ್ದರ ಮೂರು ಪಟ್ಟು ಅನಿಲ. ಮಾದರಿಯಮ್ಮ ಸೋಲೊಪ್ಪುವವಳಲ್ಲ. ಏಳನೆಯ ಬಳೆಯ ಅಡಿಯಲ್ಲಿ ಟೊಳ್ಳು ಬೇರಿನ ಒಂದು ವಿಶೇಷ ಜೊಂಡು ಇದೆ, ಅನಿಲ ಅದರೊಳಗಿನಿಂದ ಕೊಳವೆಯಲ್ಲಿ ಬಂದಂತೆ ಬರುತ್ತದೆ ಎಂದು ತರ್ಕಿಸಿ, ಆ ಬೇರಿಗಾಗಿ ಮಾದರಿಯೊಳಗೆ ಹೊಸದೊಂದು ಸೂತ್ರವನ್ನೇ ಸೇರಿಸಿದ್ದಳು. ಎರಡು ವರ್ಷದ ಶ್ರಮ. ಅದನ್ನು ವಿವರಿಸುವ ಪ್ರಬಂಧವನ್ನು ದೂರದ ಪತ್ರಿಕೆಯೊಂದಕ್ಕೆ ಕಳಿಸಿದ್ದಳು.

ಸೋಮವಾರ ಬಂದದ್ದು ಆ ಪ್ರಬಂಧ ಓದಿದ ಹೆಸರಿಲ್ಲದ ಪರೀಕ್ಷಕರ ಪತ್ರ. ವಿನಯವಾಗಿಯೇ ಇತ್ತು, ಚೂರಿಗೆ ಬೆಣ್ಣೆ ಹಚ್ಚಿದಷ್ಟು ವಿನಯ. "ಏಳನೆಯ ಬಳೆಯಲ್ಲಿ ಮೊದಲ ಮೂರು ಶೀಷೆಗಳು ಉಳಿದ ಬಳೆಗಳಂತೆಯೇ ಇವೆ. ನಾಲ್ಕನೆಯ ಶೀಷೆ ಮಾತ್ರ, ನಾಲ್ಕು ವರ್ಷಗಳಿಂದ ಪ್ರತಿ ಸಲವೂ, ಒಮ್ಮೆಲೇ ಹಾರುತ್ತದೆ. ಯಾವ ಬೇರೂ ಗಡಿಯಾರ ನೋಡಿಕೊಂಡು ಅನಿಲ ಬಿಡುವುದಿಲ್ಲ. ಇದು ಅಳತೆಗಾರರ ಕೈಚಳಕವಲ್ಲ ಎಂದು ಒಂದು ತಿಂಗಳೊಳಗೆ ಕಾರಣ ಸಮೇತ ತೋರಿಸಿ. ಇಲ್ಲವಾದರೆ ಇದೇ ಅಳತೆಗಾರರು ಸಂಗ್ರಹಿಸಿದ ಅಷ್ಟೂ ವರ್ಷಗಳ ಅಂಕಿಗಳನ್ನು ಕೈಬಿಡುವುದು ಒಳ್ಳೆಯದು."

ಅಷ್ಟೂ ವರ್ಷ. ಇಪ್ಪತ್ತೆರಡು ವರ್ಷಗಳ ಬಿಸಿಲು, ಚಳಿ, ಜಿಗಣೆ, ಎಲ್ಲಕ್ಕೂ ಒಂದು ಕೆಂಪು ಗೀಟು. ಮುಖ್ಯಸ್ಥರು ಪತ್ರ ಓದಿ, "ನೋಡಿ ಮೇಡಂ, ತಿಂಗಳ ಕೊನೆಗೆ ನೀವು ಏನು ಬರೆದುಕೊಟ್ರೆ ಅದು. ನಂಬಬಹುದು ಅಂದ್ರೆ ನಂಬಬಹುದು. ಇಲ್ಲ ಅಂದ್ರೆ ಅವರನ್ನ ಮನೆಗೆ ಕಳಿಸಿ, ಆ ತಾನೇ ಅಳೆಯೋ ಯಂತ್ರ ತರಿಸೋಣ," ಎಂದು ಕೈ ತೊಳೆದುಕೊಂಡರು.

ಅನುಮಾನಂ ಪೆದ್ದರೋಗಂ. ಬೆಳಿಗ್ಗೆ ಹನ್ನೊಂದಕ್ಕೆ ಹುಟ್ಟಿದ ಕೂಸು ಮಧ್ಯಾಹ್ನ ಊಟದ ಹೊತ್ತಿಗೆ ನಡೆಯತೊಡಗಿತು. ಅದಕ್ಕೆ ಹಾಲೆರೆದವನು ಉಗ್ರಾಣಿ. ಕಚೇರಿಯ ಉಗ್ರಾಣದ ಬೀಗದಕೈ ಅವನ ಸೊಂಟದಲ್ಲಿ, ಕಚೇರಿಯ ಸುದ್ದಿಯೆಲ್ಲ ಅವನ ಹೊಟ್ಟೆಯಲ್ಲಿ. ಬೀಗ ಮಾತ್ರ ಒಂದಕ್ಕೇ.

"ಮೇಡಂ, ನಾನು ಯಾರ ಮೇಲೂ ಹೇಳೋನಲ್ಲ," ಎಂದು ಡಬ್ಬಿ ಊಟ ಬಿಚ್ಚುತ್ತಾ ಶುರು ಮಾಡಿದ.

"ಹಾಗಾದ್ರೆ ಹೇಳ್ಬೇಡಿ."

"ಹೇಳಲ್ಲ. ಸುಮ್ನೆ ಯೋಚ್ನೆ ಮಾಡಿ. ಆ ಯಂತ್ರ ತರೋ ಮಾತು ಮೊದಲ ಸಲ ಬಂದಿದ್ದು ಯಾವಾಗ? ನಾಲ್ಕು ವರ್ಷದ ಹಿಂದೆ. ಅನಿಲ ಕಡಿಮೆ ಇದ್ರೆ ಜೌಗಿನ ಅಳತೇನ ಯಂತ್ರಕ್ಕೆ ಬಿಡ್ತಾರೆ, ಜಾಸ್ತಿ ಇದ್ರೆ ಅಳೆಯೋ ಮನುಷ್ಯನ್ನೂ ಇಟ್ಕೋತಾರೆ. ಏಳನೇ ಬಳೆ ಜಾಸ್ತಿ ಆಗಿದ್ದು ಯಾವಾಗ? ನಾಲ್ಕು ವರ್ಷದ ಹಿಂದೆ. ನಾನೇನೂ ಹೇಳ್ಲಿಲ್ಲ."

"ಆದ್ರೆ ಅಳೆಯೋದು ಪ್ರಯೋಗಾಲಯದವರು. ಶೀಷೆಯೊಳಗಿನ ಗಾಳೀನ ಇವರು ಹೇಗೆ ಬದಲಾಯಿಸ್ತಾರೆ?"

ಉಗ್ರಾಣಿ ಸುತ್ತ ನೋಡಿ ದನಿ ಇಳಿಸಿದ. "ಮೀಥೇನ್ ಅಂದ್ರೆ ಪೈಪಿನಲ್ಲಿ ಮನೆಮನೆಗೆ ಬರೋ ಅಡುಗೆ ಗ್ಯಾಸೇ ಅಲ್ವಾ? ಒಲೆ ಮುಂದೆ ಕೂತು ಸಿರಿಂಜಿಗೆ ಒಂದು ಗುಟುಕು ಎಳೆದ್ರೆ ಆಯ್ತು. ಆಮೇಲೆ, ಅವರು ಅಳತೆ ಪುಸ್ತಕ ಎಲ್ಲಿಡ್ತಾರೆ ಗೊತ್ತಾ? ಟ್ರಂಕಿನಲ್ಲಿ. ಬೀಗ ಹಾಕಿ. ಕದ್ದಿಲ್ಲದೋರಿಗೆ ಬೀಗ ಯಾಕೆ?"

ಸೊಂಟದಲ್ಲಿ ಹದಿನಾರು ಬೀಗದಕೈ ನೇತಾಡಿಸಿಕೊಂಡವನ ಬಾಯಲ್ಲಿ ಈ ಮಾತು ಎಂಬುದು ಮಾದರಿಯಮ್ಮನಿಗೆ ಹೊಳೆಯಲಿಲ್ಲ. ಅವಳ ತಲೆಯಲ್ಲಿ ಆಗಲೇ ಒಲೆಯೊಂದು ಉರಿಯತೊಡಗಿತ್ತು. ಅಂದಿನಿಂದ ಮೂರೇಟಣ್ಣ ಮಾಡಿದ್ದೆಲ್ಲ ಸಾಕ್ಷಿಯಾಯಿತು. ಜೇಬಿಗೆ ಕೈ ಹಾಕಿದರೆ ಏನೋ ಬಚ್ಚಿಡುತ್ತಿದ್ದಾರೆ, ತೆಗೆದರೆ ಬಚ್ಚಿಟ್ಟಾಯಿತು. ಪೆನ್ಸಿಲಿನಲ್ಲಿ ಬರೆಯುತ್ತಾರೆ, ಅಂದರೆ ಅಳಿಸಲು. ಪೆನ್ಸಿಲಿನ ಬರಹ ಮಳೆನೀರಿಗೆ ಹರಡುವುದಿಲ್ಲ ಎಂಬ ಸಾಮಾನ್ಯ ಸಂಗತಿ ಭವಿಷ್ಯ ಹೇಳುವ ವಿದ್ಯೆಯಲ್ಲಿ ಬರುವುದಿಲ್ಲ.

ಬುಧವಾರ ಸಂಜೆ ಅವಳು ಮೂರೇಟಣ್ಣನ ಮನೆಗೆ ಹೋದಳು. ನೆಪಕ್ಕೆ ಕೈಯಲ್ಲೊಂದು ಸಹಿಯಾಗಬೇಕಾದ ಕಾಗದ. ಮೂರೇಟಣ್ಣ ಆಗ ಕಚೇರಿಯಲ್ಲೇ ಇದ್ದಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಹೋದದ್ದು.

ಮೂರನೇ ಮಹಡಿಯ ಎರಡು ಕೋಣೆಯ ಮನೆ. ಬಾಗಿಲ ಹೊರಗೆ ಕೆಸರಿನ ಬೂಟು ತಲೆಕೆಳಗಾಗಿ ಒಣಗುತ್ತಿತ್ತು. ಬಾಗಿಲು ತೆಗೆದ ಹೆಂಡತಿ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿದ್ದರು. ಪರದೆ ಹೊಲಿದು ಕೊಡುವುದು ಅವರ ಕೆಲಸ. ಒಳಗೆ ಕಿಟಕಿಯ ಪಕ್ಕ ಅವರ ತಾಯಿ, ಎಂಬತ್ತರ ಮುದುಕಿ, ಬಟಾಣಿ ಬಿಡಿಸುತ್ತಿದ್ದರು.

"ಬನ್ನಿ, ಕಚೇರಿಯೋರಾ? ಅವರಿಗೇನಾದ್ರೂ ಆಯ್ತಾ?"

"ಏನಿಲ್ಲಕ್ಕ. ಈ ಕಡೆ ಬಂದಿದ್ದೆ. ಒಂದು ಸಹಿ."

"ಅವರು ಕಚೇರೀಲೇ ಇದಾರಲ್ಲ."

"ಹೌದಾ," ಎಂದು ಮಾದರಿಯಮ್ಮ ಆಶ್ಚರ್ಯಪಟ್ಟಳು. ಆಶ್ಚರ್ಯ ಅಷ್ಟೇನೂ ಚೆನ್ನಾಗಿ ಬರಲಿಲ್ಲ. "ಒಂದು ಲೋಟ ನೀರು ಕೊಡ್ತೀರಾ? ಇರಲಿ, ನೀವು ಬರಬೇಡಿ, ಅಡುಗೆಮನೆ ಎಲ್ಲಿ ಹೇಳಿ, ನಾನೇ ಕುಡಿತೀನಿ."

ಅಡುಗೆಮನೆಯಲ್ಲಿ ಅವಳ ಕಣ್ಣು ಗೋಡೆಯ ಉದ್ದಕ್ಕೂ ಪೈಪು ಹುಡುಕಿತು. ಮೂಲೆ ಹುಡುಕಿತು. ಸಿಂಕಿನ ಕೆಳಗೂ ಬಗ್ಗಿ ನೋಡಿತು. ಅಲ್ಲಿದ್ದದ್ದು ಒಂದು ಕರೆಂಟಿನ ಒಲೆ, ಅದರ ಮೇಲೊಂದು ಪಾತ್ರೆ. ಹಿಂದೆ ತಿರುಗಿದರೆ ಬಾಗಿಲಲ್ಲಿ ಹೆಂಡತಿ, ಸೂಜಿಗಳು ಬಾಯಿಂದ ಕೈಗೆ ಬಂದಿದ್ದವು.

"ನೀರು ಮೇಲಿನ ನಲ್ಲೀಲಿ ಬರುತ್ತೆ," ಅಂದರು. "ಸಿಂಕಿನ ಕೆಳಗೆ ಬರಲ್ಲ."

"ಗ್ಯಾಸ್ ಇಲ್ವಾ ನಿಮ್ಮನೇಲಿ?"

"ಮದುವೆ ಆದಾಗಿಂದ ಇಲ್ಲ. ಅವರು ಬಿಡಲ್ಲ. ಪೈಪನ್ನ ನಂಬೋಕಾಗಲ್ಲ ಅಂತಾರೆ. ಯಾಕೆ ಕೇಳ್ತಿದೀರ?"

ಗಂಡನ ಮಾತು ಹೆಂಡತಿಗೂ ಅಂಟಿತ್ತು. ಮಾದರಿಯಮ್ಮ ಬೇಡದ ನೀರನ್ನು ಮೂರು ಗುಟುಕಿನಲ್ಲಿ ಮುಗಿಸಿದಳು. ಮುದುಕಿಗೆ ಮಾತ್ರ ಮಾತಿನ ಹಸಿವು.

"ನನ್ನ ಅಳಿಯ ನೆಲಾನೂ ನಂಬಲ್ಲ, ನನ್ನೂ ನಂಬಲ್ಲ," ಅಂದರು ಬಟಾಣಿ ಬುಟ್ಟಿಯಿಂದ ತಲೆಯೆತ್ತದೆ. "ಊಟ ಮಾಡಿ ಎದ್ರೆ ಮೂರು ಸಲ ನೆಲ ಗುದ್ದೋದು. ಮೊದಮೊದಲು ನನ್ನ ಅಡುಗೆಗೆ ಶಾಪ ಹಾಕ್ತಾನೆ ಅಂದ್ಕೊಂಡಿದ್ದೆ. ಆಮೇಲೆ ಮಗಳು ಮಾಡಿದಾಗ್ಲೂ ಗುದ್ದಿದ. ಆಗ ಸಮಾಧಾನ ಆಯ್ತು."

"ಯಾಕೆ ಗುದ್ದುತಾರೆ ಅಂತ ನೀವು ಕೇಳ್ಲಿಲ್ವಾ ಅಕ್ಕ?" ಎಂದು ಮಾದರಿಯಮ್ಮ ಹೆಂಡತಿಯ ಕಡೆ ತಿರುಗಿದಳು.

"ಕೇಳ್ದೆ. ಇಪ್ಪತ್ತೇಳು ವರ್ಷದ ಹಿಂದೆ ಒಂದು ಸಲ. ಯಾಕೆ ಕೇಳ್ತೀಯ ಅಂದ್ರು. ಅಷ್ಟೇ. ಕೆಳಗಿನ ಮನೆಯೋರಿಗೆ ಅಭ್ಯಾಸ ಆಗೋಗಿದೆ. ಮೂರು ಸದ್ದು ಕೇಳಿದ್ರೆ ಅವರ ಮಕ್ಕಳು ಸ್ಕೂಲಿಗೆ ಹೊರಡ್ತಾರೆ."

ಮೆಟ್ಟಿಲಿಳಿಯುವಾಗ ಮಾದರಿಯಮ್ಮನ ಒಲೆ ಆರಿತ್ತು, ಅನುಮಾನ ಆರಿರಲಿಲ್ಲ. ಮನೆಯ ಗ್ಯಾಸಲ್ಲವಾದರೆ ಇನ್ನೇನೋ. ಕಣ್ಣಾರೆ ನೋಡದೆ ಗತಿಯಿಲ್ಲ. ಮುಂದಿನ ಅಳತೆಯ ದಿನ ಬೆಳಿಗ್ಗೆ ಏಳಕ್ಕೆ ಕಚೇರಿಯ ಜೀಪಿನ ಹತ್ತಿರ, ಉಗ್ರಾಣದಿಂದ ಪಡೆದ, ಎರಡು ಅಳತೆ ದೊಡ್ಡದಾದ ಬೂಟಿನಲ್ಲಿ ಅವಳು ನಿಂತಿದ್ದಳು.

ಮೂರೇಟಣ್ಣ ಅವಳ ಬೂಟು ನೋಡಿದರು, ಮುಖ ನೋಡಿದರು, ಮತ್ತೆ ಬೂಟು ನೋಡಿದರು.

"ನೀವೂ ಬರ್ತೀರಾ?"

"ಕಲಿಯೋಣ ಅಂತ."

"ನಾಲ್ಕು ವರ್ಷ ಕಲೀದೆ ಇದ್ದದ್ದು ಇವತ್ತು?"

"ಕಲಿಯೋಕೆ ವಯಸ್ಸುಂಟಾ?"

"ಮನೆಗೆ ಹೋಗಿ ಸಿಂಕಿನ ಕೆಳಗೂ ಕಲಿತು ಬಂದ್ರಂತೆ," ಅಂದು ಅವರು ಜೀಪಿನ ಹಿಂದುಗಡೆ ಹತ್ತಿ ಕೂತರು. ಜೌಗಿನ ಅಂಚಿನಲ್ಲಿ ಇಳಿದಾಗ ಧಪ್, ಧಪ್, ಧಪ್.

ಅಸಲಿ ಜೌಗು ಲೆಕ್ಕದ ಜೌಗಿನ ಹಾಗಿರಲಿಲ್ಲ. ನೆಲವೆಂದುಕೊಂಡದ್ದು ನೀರು, ನೀರೆಂದುಕೊಂಡದ್ದು ಪಾಚಿ. ಎಲ್ಲೋ ಕೊಳೆತ ಮೊಟ್ಟೆಯ ವಾಸನೆ, ಎಲ್ಲೆಲ್ಲೂ ಸೊಳ್ಳೆ. ಹಲಗೆಯ ದಾರಿ ಎರಡು ಅಡಿ ಅಗಲ, ಕಂಬಗಳ ಮೇಲೆ ನಿಂತಿದೆ. ಆ ಕಂಬಗಳನ್ನು ಕಪ್ಪು ಮಣ್ಣಿನ ಕೆಳಗಿನ ಗಟ್ಟಿ ಜೇಡಿಯವರೆಗೆ ಇಳಿಸಿದ್ದಾರೆ, ಹಾಗಾಗಿ ಮೇಲೆ ಆನೆ ಕುಣಿದರೂ ಪಕ್ಕದ ಮಣ್ಣಿಗೆ ಸುದ್ದಿ ಮುಟ್ಟುವುದಿಲ್ಲ ಎಂದು ಮೂರೇಟಣ್ಣ ಒಲ್ಲದ ಮನಸ್ಸಿನಿಂದ ವಿವರಿಸಿದರು. "ಕಲಿಯೋಕೆ ಬಂದಿದೀರಲ್ಲ, ಅದಕ್ಕೆ ಹೇಳ್ದೆ."

ಮೊದಲ ಬಳೆಯಲ್ಲಿ ಅವಳು ಅವರ ಕೈಯನ್ನೇ ನೋಡಿದಳು. ಮೊಳದೆತ್ತರದ ಸ್ಟೂಲಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುರಿ ಕೂತು, ಗಡಿಯಾರ ನೋಡಿ, ಮೊದಲ ಮೂರು ಶೀಷೆಗಳನ್ನು ಕೂತಲ್ಲೇ ತುಂಬಿದರು. ಕೈಚಳಕವಿಲ್ಲ. ಅರ್ಧ ಗಂಟೆಗೆ ಒಂದು ನಿಮಿಷ ಮುಂಚೆ ಎದ್ದು, ಮೂರೇಟು ಹಾಕಿ, ಸ್ಟೂಲು ಮಡಚಿ, ನಾಲ್ಕನೆಯ ಶೀಷೆಯನ್ನು ನಿಂತೇ ತುಂಬಿ, ಡಬ್ಬ ಎತ್ತಿಕೊಂಡು ಮುಂದಿನ ಬಳೆಗೆ ಹೊರಟರು. ಆ ಒಂದು ನಿಮಿಷ ಉಳಿಸದಿದ್ದರೆ ಹತ್ತನೆಯ ಬಳೆ ಮುಗಿಯುವುದರೊಳಗೆ ಊಟದ ಹೊತ್ತು ಮೀರುತ್ತದಂತೆ.

ಎರಡು, ಮೂರು, ನಾಲ್ಕು. ಕದ್ದು ನೋಡುವುದು ಎಷ್ಟು ಬೇಸರದ ಕೆಲಸವೆಂದು ಅವಳಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಐದನೆಯ ಬಳೆಯಲ್ಲಿ ಮೂರೇಟಣ್ಣ ತಿರುಗದೆಯೇ ಕೇಳಿದರು.

"ಮೇಡಂ, ನನ್ನ ಮೇಲೆ ಅನುಮಾನನಾ?"

"ಛೇ. ಹಾಗೇನಿಲ್ಲ."

"ಇದ್ರೆ ಇರಲಿ. ನಂಗೂ ನಿಮ್ಮ ಮೇಲೆ ಇದೆ."

"ನನ್ನ ಮೇಲಾ? ಏನಂತ?"

"ಯಂತ್ರ ತರಿಸ್ತೀರಿ ಅಂತ. ಉಗ್ರಾಣಿ ಹೇಳ್ತಿದ್ದ. ಅವನು ಯಾರ ಮೇಲೂ ಹೇಳೋನಲ್ಲ."

ಅವಳ ಕಿವಿ ಕೆಂಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಚೀಲದಲ್ಲಿದ್ದ ಪತ್ರವನ್ನು ಮುಟ್ಟಿ ನೋಡಿಕೊಂಡಳು. ಕೊನೆಗೆ ಸೊಳ್ಳೆಯ ಕಾಟಕ್ಕೋ ನಾಚಿಕೆಗೋ ಅದನ್ನು ತೆಗೆದು ಅವರ ಕೈಗೇ ಕೊಟ್ಟಳು. ಮೂರೇಟಣ್ಣ ಆರನೆಯ ಬಳೆಯ ಅರ್ಧ ಗಂಟೆಯೂ ಅದನ್ನೇ ಓದಿದರು. ಸಿರಿಂಜು ಎಳೆಯುವಾಗ ಮಂಡಿಯ ಮೇಲಿಟ್ಟು, ಶೀಷೆ ತುಂಬಿದ ಮೇಲೆ ಮತ್ತೆ ಎತ್ತಿಕೊಂಡು.

"ಇಪ್ಪತ್ತೆರಡು ವರ್ಷವೂ ತೆಗೆದುಹಾಕ್ತಾರಾ?"

"ಕಾರಣ ಸಿಗದಿದ್ರೆ."

"ಆ ಮೊದಲ ವರ್ಷದ ಪುಸ್ತಕಾನೂ?"

"ಎಲ್ಲಾನೂ."

ಅವರು ಪತ್ರವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ವಾಪಸು ಕೊಟ್ಟರು. "ಏಳನೇದು ನೋಡೋಣ ಬನ್ನಿ," ಅಂದರು. "ಚೆನ್ನಾಗಿ ನೋಡಿ. ಕಣ್ಣು ಮಿಟುಕಿಸಬೇಡಿ."

ಆರನೆಯ ಬಳೆಯಲ್ಲಿ ಎದ್ದಾಗ ಹಲಗೆ ಟಕ್, ಟಕ್, ಟಕ್ ಅಂದಿತ್ತು. ಏಳನೆಯದಕ್ಕೆ ಬಂದರು. ಡಬ್ಬ ಕವುಚಿದರು. ಕೂತರು. ಒಂದನೆಯ ಶೀಷೆ, ಎರಡನೆಯದು, ಮೂರನೆಯದು. ಮಾದರಿಯಮ್ಮನ ಎರಡು ಕಣ್ಣು, ಎರಡು ಕನ್ನಡಕ ನಾಲ್ಕೂ ಅವರ ಕೈಯ ಮೇಲೆ. ಇಪ್ಪತ್ತೊಂಬತ್ತನೆಯ ನಿಮಿಷಕ್ಕೆ ಎದ್ದರು. ಬಲಗಾಲು ಮೇಲೆ ಹೋಯಿತು.

ಟಕ್ ಎನ್ನಲಿಲ್ಲ. ಬುಸ್ ಅಂದಿತು.

ಕಾಲ ಕೆಳಗಿನ ಹಲಗೆ ಒಂದು ಅಂಗುಲ ತಗ್ಗಿತು. ಎರಡನೇ ಏಟಿಗೆ ಹಲಗೆಯ ಅಂಚಿನಲ್ಲಿ ಕಪ್ಪು ನೀರು ಜಿನುಗಿತು. ಮೂರನೇ ಏಟಿಗೆ ಡಬ್ಬದ ಸುತ್ತಲ ನೀರಿನಲ್ಲಿ, ಅನ್ನಕ್ಕಿಟ್ಟ ಎಸರು ಕುದಿಯುವಂತೆ, ಗುಳ್ಳೆಗಳು ಎದ್ದವು. ಸಣ್ಣವು, ದೊಡ್ಡವು, ಒಂದರ ಹಿಂದೊಂದು. ಡಬ್ಬದ ಹೊರಗೇ ಇಷ್ಟಾದರೆ ಒಳಗೆಷ್ಟು? ಮೂರೇಟಣ್ಣ ಏನೂ ಆಗದವರಂತೆ ನಾಲ್ಕನೆಯ ಸಿರಿಂಜು ಎಳೆಯಲು ಬಗ್ಗಿದರು.

"ಅಲ್ಲೇ ಇರಿ," ಅಂದಳು ಮಾದರಿಯಮ್ಮ. ಅವರು ಸಿರಿಂಜು ಹಿಡಿದೇ ನಿಂತರು. ಅವಳು ಹಲಗೆಯ ಆ ತುದಿಗೆ ಹೋಗಿ, ದೊಡ್ಡ ಬೂಟಿನ ಕಾಲೆತ್ತಿ ತಾನೇ ತುಳಿದಳು. ಬುಸ್. ಗುಳ್ಳೆ. ಮತ್ತೆ ತುಳಿದಳು. ಗುಳ್ಳೆ. ಮೆತ್ತನೆಯ ಮಣ್ಣಿನೊಳಗೆ ಸಿಕ್ಕಿಕೊಂಡಿದ್ದ ಅನಿಲವನ್ನು ಹಲಗೆ ಹಿಂಡಿ ಹೊರಗೆ ದಬ್ಬುತ್ತಿತ್ತು. ಟೊಳ್ಳು ಬೇರಿನ ವಿಶೇಷ ಜೊಂಡು, ಎರಡು ವರ್ಷದ ಸೂತ್ರ, ದೂರದ ಪತ್ರಿಕೆಯ ಪ್ರಬಂಧ ಎಲ್ಲವೂ ಅವಳ ಕಣ್ಣೆದುರಿಗೇ ಗುಳುಗುಳು ಎಂದು ಮೇಲೆದ್ದು ಒಡೆದುಹೋದವು. ಗುಡ್ಡ ಅಗೆದು ಇಲಿ ಹಿಡಿದವರು ಪುಣ್ಯವಂತರು. ಅವಳಿಗೆ ಸಿಕ್ಕಿದ್ದು ಒಂದು ಬಲಗಾಲು. ಮುಂದಿನ ಐವತ್ತು ವರ್ಷದ ಭೂಮಿಯ ಬಿಸಿ ಹೇಳುವ ಮಾದರಿಯೊಳಗೆ ಎರಡು ವರ್ಷದಿಂದ ಒಂದು ಬಲಗಾಲು ಕೂತಿತ್ತು.

"ಈ ಹಲಗೆಗೆ ಕಂಬ ಯಾಕಿಲ್ಲ?"

ಮೂರೇಟಣ್ಣ ಚೀಲದಿಂದ ಅಳತೆ ಪುಸ್ತಕ ತೆಗೆದು ತೆರೆದು ಹಿಡಿದರು. ಎಡಕ್ಕೆ ಹೊತ್ತು, ನೀರಿನ ಮಟ್ಟ, ಮಣ್ಣಿನ ಬಿಸಿ, ಶೀಷೆಯ ಸಂಖ್ಯೆ. ಬಲತುದಿಯಲ್ಲಿ ಷರಾ ಎಂಬ ಕಿರಿದಾದ ಅಂಕಣ. ಏಳನೆಯ ಬಳೆಯ ಎದುರಿಗೆ ಇರುವೆ ಸಾಲಿನಂಥ ಪೆನ್ಸಿಲಿನ ಅಕ್ಷರ: "ಕಂಬ ಬಂದಿಲ್ಲ. ಅಳತೆ ಅನುಮಾನ." ಹಿಂದಿನ ಪುಟ: "ಕಂಬ ಬಂದಿಲ್ಲ. ಅಳತೆ ಅನುಮಾನ." ಅದರ ಹಿಂದೆಯೂ ಅದೇ.

"ನಾಲ್ಕು ವರ್ಷದ ಹಿಂದೆ ಹಳೇ ಕಂಬ ಕೊಳೆತು ಬಿತ್ತು," ಅಂದರು. "ಉಗ್ರಾಣದಲ್ಲಿ ಕೇಳ್ದೆ. ಕಂಬ ಇಲ್ಲ, ಸದ್ಯಕ್ಕೆ ಹಲಗೆ ಮಣ್ಣಿನ ಮೇಲೇ ಮಲಗಿಸಿ ಅಂದ. ಆವತ್ತಿಂದ ಪ್ರತಿ ಸಲ ಬರ್ದಿದೀನಿ. ಇವತ್ತಿಗೆ ನೂರಾ ನಾಲ್ಕು."

"ಒಂದು ಮಾತು ಬಾಯಲ್ಲಿ ಹೇಳ್ಬಾರದಿತ್ತಾ?"

"ಬರ್ದಿದ್ನಲ್ಲ."

"ಅಂಕಿಗಳನ್ನ ಮಾತ್ರ ಟೈಪ್ ಮಾಡಿ ನನಗೆ ಕಳಿಸ್ತಾರೆ. ಷರಾ ಯಾರೂ ಓದಲ್ಲ."

"ಅದೂ ಅನುಮಾನ ಇತ್ತು. ಅದಕ್ಕೇ ಟ್ರಂಕಿಗೆ ಬೀಗ ಹಾಕಿಟ್ಟೆ. ಒಂದಲ್ಲ ಒಂದು ದಿನ ಯಾರಾದ್ರೂ ನನ್ನನ್ನೇ ಹಿಡೀತಾರೆ ಅಂತ." ಪುಸ್ತಕ ಮುಚ್ಚಿ, "ಹಿಡಿದ್ರಲ್ಲ," ಅಂದರು.

ಉಳಿದ ಮೂರು ಬಳೆಗಳ ಶೀಷೆ ಪೆಟ್ಟಿಗೆಯನ್ನು ಮಾದರಿಯಮ್ಮನೇ ಹೊತ್ತಳು. ಅವರು ಎರಡು ಸಲ ತಿರುಗಿ, ಪೆಟ್ಟಿಗೆ ಸರಿಯಾಗಿದೆಯೇ ಎಂದು ನೋಡಿದರು.

ತಿಂಗಳ ಕೊನೆಯ ದಿನ ಮುಖ್ಯಸ್ಥರ ಕೋಣೆಯಲ್ಲಿ ಪಂಚಾಯಿತಿ. ಮೇಜಿನ ಮೇಲೆ ಇಪ್ಪತ್ತೆರಡು ಅಳತೆ ಪುಸ್ತಕ, ಅವಕ್ಕೆ ಒರಗಿಸಿಟ್ಟ ಖಾಲಿ ಟ್ರಂಕು. ಮಾದರಿಯಮ್ಮ ಪರೀಕ್ಷಕರಿಗೆ ಬರೆದ ಉತ್ತರವನ್ನು ಗಟ್ಟಿಯಾಗಿ ಓದುತ್ತಿದ್ದಳು. ನಾಲ್ಕು ವರ್ಷದ, ಏಳನೆಯ ಬಳೆಯ, ನಾಲ್ಕನೆಯ ಶೀಷೆಯನ್ನು ಮಾತ್ರ ಬಿಟ್ಟುಬಿಡುವುದು. ಮೂರೇ ಶೀಷೆಯಲ್ಲಿ ಲೆಕ್ಕ ಹಾಕಿದರೆ ಏಳನೆಯ ಬಳೆಯೂ ಉಳಿದ ಒಂಬತ್ತರ ಹಾಗೆ ಹೇಳಿದ ಮಾತು ಕೇಳುತ್ತದೆ. ಬೇರಿನ ಸೂತ್ರವನ್ನು ಲೇಖಕಿ ಹಿಂದಕ್ಕೆ ಪಡೆದಿದ್ದಾಳೆ. ಅಳತೆಗಾರರ ಇಪ್ಪತ್ತೆರಡು ವರ್ಷಗಳ ಅಂಕಿಗಳು ನಂಬಲರ್ಹ. ನಂಬಲರ್ಹವಲ್ಲದ್ದನ್ನು ಅವರೇ ನೂರಾ ನಾಲ್ಕು ಸಲ ಬರೆದಿಟ್ಟಿದ್ದಾರೆ. "ಹಿಂದಕ್ಕೆ ಪಡೆದಿದ್ದಾಳೆ" ಎಂಬುದನ್ನು ಮಾತ್ರ ಸ್ವಲ್ಪ ಬೇಗ ಓದಿದಳು.

"ಕಂಬ ಏನಾಯ್ತಪ್ಪ?" ಎಂದರು ಮುಖ್ಯಸ್ಥರು.

ಬಾಗಿಲ ಹತ್ತಿರ ನಿಂತಿದ್ದ ಉಗ್ರಾಣಿ, "ನಿನ್ನೆನೇ ಹಾಕಿಸಾಯ್ತು ಸಾರ್. ಉಗ್ರಾಣದ ಹಿಂದುಗಡೆ ನಾಲ್ಕು ಇದ್ವು. ನೋಡಿರಲಿಲ್ಲ," ಅಂದ. "ನಾನು ಯಾರ ಮೇಲೂ ಹೇಳೋನಲ್ಲ, ಆದ್ರೆ ಆ ಜಾಗ ಗುಡಿಸೋರು..."

"ಸಾಕು," ಅಂದರು ಮುಖ್ಯಸ್ಥರು.

ಮೂರೇಟಣ್ಣ ಇಷ್ಟು ಹೊತ್ತೂ ಗೋಡೆ ಬದಿಯ ತಗ್ಗು ಬೆಂಚಿನ ಮೇಲೆ ಕೂತಿದ್ದರು. ಓದುವುದು ಮುಗಿಯಿತೆಂದು ಎದ್ದರು. ಧಪ್, ಧಪ್, ಧಪ್. ಮುಖ್ಯಸ್ಥರು ಅನುಭವಸ್ಥರು, ಮೊದಲೇ ಕಪ್ಪು ಕೈಗೆತ್ತಿಕೊಂಡಿದ್ದರು.

"ಒಂದು ನಿಮಿಷ ಅಣ್ಣ," ಅಂದಳು ಮಾದರಿಯಮ್ಮ. "ಪತ್ರ ಮುಗಿದಿಲ್ಲ. ಪರೀಕ್ಷಕರು ಕಾರಣ ಸಮೇತ ಅಂದಿದಾರೆ. ಹಲಗೆ ಯಾಕೆ ತಗ್ಗಿತು ಅಂತ ಬರ್ದೆ. ನೀವು ಯಾಕೆ ತುಳೀತೀರಿ ಅಂತ ಬರೀದಿದ್ರೆ ಮತ್ತೆ ಅನುಮಾನ ಪಡ್ತಾರೆ. ಒಂದು ಸಾಲು ಖಾಲಿ ಬಿಟ್ಟಿದೀನಿ."

ಬಾಗಿಲಾಚೆ ಕಿವಿಗೊಟ್ಟು ನಿಂತಿದ್ದ ಅರ್ಧ ಕಚೇರಿ ಉಸಿರು ಹಿಡಿಯಿತು. ಜೌಗು ಸೊಂಟದವರೆಗೆ ನುಂಗಿತ್ತು ಎಂಬ ಪಂಗಡವೂ, ಹೂತಿಟ್ಟದ್ದು ಹುಡುಕುತ್ತಿದ್ದಾರೆ ಎಂಬ ಪಂಗಡವೂ ಒಂದರ ಹೆಗಲ ಮೇಲೊಂದು ಕೈ ಹಾಕಿಕೊಂಡವು. ಮಾದರಿಯಮ್ಮ ನೆತ್ತಿಯ ಕನ್ನಡಕವನ್ನು ಮೂಗಿಗಿಳಿಸಿ ಪೆನ್ನು ಹಿಡಿದಳು. ಇಪ್ಪತ್ತೆರಡು ವರ್ಷದ ಸತ್ಯ, ಮಾದರಿಯೊಂದನ್ನೇ ನಡುಗಿಸಿದ ರಹಸ್ಯ, ಇನ್ನೇನು ಹೊರಬರಬೇಕು.

ಮೂರೇಟಣ್ಣ ಕಣ್ಣು ಸಣ್ಣಗೆ ಮಾಡಿದರು.

"ಯಾಕೆ ಕೇಳ್ತಿದೀರ?"

"ಪತ್ರಕ್ಕೆ ಅಣ್ಣ. ನಿಮ್ಮ ಪುಸ್ತಕ ಉಳೀಲಿ ಅಂತ."

ಅವರು ಮೇಜಿನ ಮೇಲಿನ ಪುಸ್ತಕಗಳನ್ನು ನೋಡಿದರು. ಅವಳನ್ನು ನೋಡಿದರು. ಈ ಕೋಣೆಯಲ್ಲಿ ನಂಬಬಹುದಾದವರು ಒಬ್ಬರಿದ್ದಾರೆ ಎಂದು ಬಹಳ ಕಷ್ಟಪಟ್ಟು ತೀರ್ಮಾನಿಸಿದಂತೆ ಒಮ್ಮೆ ತಲೆಯಾಡಿಸಿದರು.

"ಕೂತ್ರೆ ಬಲಗಾಲು ಜೋಮು ಹಿಡಿಯುತ್ತೆ, ಮೇಡಂ."